ಎರಡನೆಯ ಕಡಿತ

ಅಮ್ಮಣ್ಣಿಯವರ ಮಡಿಸೀರೆಯ ಪೆಟ್ಟಿಗೆಯಲ್ಲಿ ಬಂಗಾರದ ಬಳೆ ಇರಲಿಲ್ಲ, ಜರಿಹುಳ ಇತ್ತು. ಅದೂ ಗೇಣುದ್ದದ್ದು! 1999ರ ಜುಲೈನ ಒಂದು ಬೆಳಗ್ಗೆ ಎಂಟಕ್ಕೆ ಅವರು ಸೀರೆಗೆ ಕೈ ಹಾಕಿದರು, ಕಿಟಾರನೆ ಕಿರುಚಿದರು, ಕಣ್ಣು ಕತ್ತಲಿಟ್ಟು ಅಲ್ಲೇ ಕುಸಿದರು. ಡಾಕ್ಟರು ಬಂದುಹೋದ ಮೇಲೆ ನೋಡಿದರೆ ಬಳೆ ಮಾಯ. ಕೆಲಸದ ವಾಸಂತಿಯ ಹೆಬ್ಬೆರಳಲ್ಲೂ ಎರಡು ಕೆಂಪು ಚುಕ್ಕೆ!

ಇನ್ನೇನು ಬೇಕು? ಆ ಪೆಟ್ಟಿಗೆಯನ್ನು ಸ್ನಾನವಾಗದೆ ಮನೆಯವರೇ ಮುಟ್ಟುವಂತಿರಲಿಲ್ಲ.

"ಏಳಕ್ಕೇ ಬಂದು ಕೈ ಹಾಕಿದಾಳೆ. ಹುಳ ಕಚ್ಚಿದ್ರೂ ಬಳೆ ಹೊಡ್ಕೊಂಡು ಸುಮ್ಮನಿದಾಳೆ," ಎಂದರು ಅಮ್ಮಣ್ಣಿ. "ಪೊಲೀಸಿಗೆ ಹೇಳು, ಬದರಿ!"

ಬದರಿನಾಥ ಅಮ್ಮಣ್ಣಿಯವರ ತಮ್ಮ; ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು, ಪೆರಂಬೂರಿನಲ್ಲೇ ಪಕ್ಕದ ಬೀದಿಯ ಮನೆ.

"ಇಲ್ಲಮ್ಮಾ, ಸತ್ತಿಯಮಾ, ದೇವರಾಣೆ!" ವಾಸಂತಿ ಅತ್ತಳು. "ನೀವು ಕಿರುಚಿದಿರಿ, ಓಡಿಬಂದೆ. ಈ ಹುಳ, ಪೂರಾನ್, ನಿಮ್ಮ ಕೈಗೆ ಕಚ್ಕೊಂಡಿತ್ತು. ಕಿತ್ತು ಬಿಸಾಕಿ ಹೊಡೆದು ಸಾಯಿಸಿದೆ, ಅಷ್ಟೇ."

"ನೋಡಿದವರು ಯಾರಾದರೂ ಇದ್ದೀರಾ?" ಬದರಿನಾಥ ಕೇಳಿದರು.

ನೋಡಿದ್ದಳು ಸೊಸೆ ವೃಂದಾ — ಇದೇ ಬಾಗಿಲಲ್ಲಿ ನಿಂತು, ಕಣ್ಣಾರೆ! ಹೇಳಿಬಿಡಬೇಕು. ಆದರೆ ಹೇಳಿದರೆ ಮುಂದಿನ ಪ್ರಶ್ನೆ ಏನು? ಹಾಗಾದರೆ ಬಳೆ ತೆಗೆದವರು ಯಾರು? ಹನ್ನೊಂದು ವರ್ಷ ಈ ಮನೆಯ ಪಾತ್ರೆ ತಿಕ್ಕಿದವಳು ಸ್ಟೇಷನ್ ಮೆಟ್ಟಿಲು ಹತ್ತಬೇಕೇ? ಥೂ, ನನ್ನ ಜನ್ಮಕ್ಕಿಷ್ಟು, ಎಂದು ತನ್ನನ್ನೇ ಬೈದುಕೊಂಡಳು. ಬಾಯಿ ಮಾತ್ರ ತೆರೆಯಲಿಲ್ಲ.

ಬದರಿನಾಥ ಸತ್ತ ಹುಳವನ್ನು ಕಾಗದದ ಮೇಲೆ ಮಗುಚಿದರು. "ಅಕ್ಕ, ಇದರ ವಿಷ ಎಲ್ಲಿರತ್ತೆ?"

"ಬಾಲದಲ್ಲಿ, ಮತ್ತೆಲ್ಲಿ?"

"ಅದು ಚೇಳಿಗೆ. ಇದರ ಮೊದಲನೇ ಜೊತೆ ಕಾಲೇ ತಲೆಯ ಕೆಳಗೆ ಕೊಕ್ಕೆ ಆಗಿದೆ, ನೋಡು. ವಿಷ ತಯಾರಾಗೋ ಚೀಲ ಆ ಕೊಕ್ಕೆಯೊಳಗೇ. ತುದಿಯಲ್ಲಿ ಇಂಜೆಕ್ಷನ್ ಸೂಜಿ ಹಾಗೆ ತೂತು. ಅದಕ್ಕೇ ಎರಡು ಚುಕ್ಕೆ."

"ಅವಳಿಗೂ ಎರಡೇ ಅಲ್ವೇನೋ?"

"ಎಲ್ಲರೂ ಚುಕ್ಕೆ ಎಣಿಸಿದಿರಿ, ಊತ ಯಾರೂ ನೋಡಲಿಲ್ಲ! ನಿನ್ನ ಕೈ ಮೊಣಕೈವರೆಗೆ ಬಾತಿದೆ. ಅವಳ ಬೆರಳು ಹಾಗೇ ಇದೆ. ಆ ಚೀಲ ಬರಿದಾದರೆ ತುಂಬೋಕೆ ದಿನಗಟ್ಟಲೆ ಬೇಕು. ಏಳಕ್ಕೆ ಅವಳಿಗೆ ಕಚ್ಚಿದ್ದರೆ ಎಂಟಕ್ಕೆ ನಿನಗೆ ಇಷ್ಟು ವಿಷ ಎಲ್ಲಿಂದ ಬಂತು? ಮೊದಲ ಕಡಿತ ನಿನ್ನದು. ಅವಳಿಗೆ ಬರೀ ಕೊಕ್ಕೆ ನಾಟಿದೆ — ನಿನ್ನ ಕೈಯಿಂದ ಕೀಳುವಾಗ."

ಅಮ್ಮಣ್ಣಿ ತಮ್ಮ ಕೈಯನ್ನೇ ನೋಡುತ್ತ ಕುಳಿತರು.

"ನಿನ್ನೆ ಪೆಟ್ಟಿಗೆ ಮುಚ್ಚಿದ್ದು ಯಾವಾಗ?"

"ನಾಲ್ಕಕ್ಕೆ. ಬಳೆ ಇತ್ತು. ಭದ್ರವಾಗೇ ಮುಚ್ಚಿದೆ."

"ಮುಚ್ಚಿದ ಪೆಟ್ಟಿಗೆಯೊಳಗೆ ಹುಳ ಹೋಗಲ್ಲ. ಇದು ರಾತ್ರಿ ಓಡಾಡೋ ಜಾತಿ; ಅಂದರೆ ನಿನ್ನೆ ಸಂಜೆಯೇ ಯಾರೋ ತೆರೆದು, ಗಡಿಬಿಡಿಯಲ್ಲಿ ಮುಚ್ಚಳ ಸರಿಯಾಗಿ ಹಾಕಿಲ್ಲ. ವಾಸಂತಿ ಮೂರಕ್ಕೇ ಹೋಗ್ತಾಳೆ. ನಿನ್ನ ಮಗ ಊರಲ್ಲಿಲ್ಲ. ನಿನ್ನೆ ಸಂಜೆ ಗಿಂಡಿ ಬಡಾವಣೆಗೆ, ಮದುವೆ ರಿಸೆಪ್ಷನ್‌ಗೆ ಹೋದದ್ದು ಯಾರಮ್ಮ, ವೃಂದಾ?"

ವೃಂದಾ ಒಳಗೆ ಹೋಗಿ ಹ್ಯಾಂಡ್‌ಬ್ಯಾಗ್ ತಂದಳು. ಬಳೆ ತೆಗೆದು ಅತ್ತೆಯ ಮುಂದಿಟ್ಟಳು.

"ನಾನೇ, ಮಾವ. ಮಡಿಯಿಲ್ಲದೇ ಮುಟ್ಟಿದೆ. ಕೇಳಿದ್ರೆ ಅತ್ತೆ ಕೊಡ್ತಿರಲಿಲ್ಲ. ಒಂದು ಸಂಜೆ ಹಾಕ್ಕೊಂಡು ಬೆಳಗ್ಗೆ ಇಟ್ಟುಬಿಡೋಣ ಅಂತ..." ಅವಳು ವಾಸಂತಿಯ ಕಡೆ ತಿರುಗಿದಳು. "ಭಯ ಆಯ್ತು ಕಣೇ. ತಪ್ಪಾಯ್ತು."

ವಾಸಂತಿ ಸೆರಗಿನಿಂದ ಮುಖ ಒರೆಸಿಕೊಂಡಳು. ಮೂಲೆಯಲ್ಲಿದ್ದ ತನ್ನ ಊಟದ ಡಬ್ಬಿ ಎತ್ತಿಕೊಂಡಳು.

"ಹುಳ ಕೀಳುವಾಗ ಬಾಗಿಲಲ್ಲಿ ನಿಮ್ಮನ್ನ ನೋಡಿದ್ದೆ, ಅಕ್ಕಾ," ಎಂದಳು. "ನೀವೇ ಹೇಳ್ತೀರ ಅಂತ ಇಷ್ಟು ಹೊತ್ತೂ ಕಾದೆ."

ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದಳು.