ಗೋಲಿನ ಹಿಂದಿನ ಕುರ್ಚಿ

ನಿನ್ನೆ ಒಂದಕ್ಕೆ ಮೂರು ಗೋಲುಗಳಿಂದ ಸೋತ ಹಾಕಿ ಪಂದ್ಯವನ್ನು ಬೆಟಗೇರಿಯ ಲಾಳಿ ತಂಡ ಇಂದು ಬೆಳಿಗ್ಗೆ ದಾದಾಪೀರನ ಹೋಟೆಲಿನ ಗೋಡೆಯ ಮೇಲೆ ಗೆಲ್ಲುತ್ತಿತ್ತು. ಆಟವನ್ನು ಗೋಡೆಗೆ ಚೆಲ್ಲುತ್ತಿದ್ದುದು ಹಾಲಿನ ಕ್ಯಾನಿನಷ್ಟು ದಪ್ಪದ ಒಂದು ಯಂತ್ರ. ಅದರ ಶಾಸ್ತ್ರೀಯ ಹೆಸರು ಪರ್ಯಾಯ ಘಟನಾದರ್ಶಕ. ಅಷ್ಟುದ್ದ ಹೆಸರು ಹೇಳುವ ಪುರುಸೊತ್ತು ಯಾರಿಗಿದೆ? ಊರವರು ಅದನ್ನು ಅದಲುಬದಲಿ ಎಂದು ಕರೆದರು.

ನಡೆದುಹೋದ ಪಂದ್ಯದ ಪ್ರತಿಯೊಂದು ಚಲನೆಯನ್ನು, ಸದ್ದನ್ನು, ಬೀಸಿದ ಗಾಳಿಯನ್ನು ಮೈದಾನದ ಸುತ್ತಲಿನ ಸಂವೇದಕಗಳು ಹಿಡಿದಿಟ್ಟಿರುತ್ತವೆ. ಅವುಗಳಲ್ಲಿ ಒಂದನ್ನು ಮಾತ್ರ ಬದಲಿಸಿ, ಉಳಿದದ್ದನ್ನು ಇದ್ದಂತೆಯೇ ಬಿಟ್ಟರೆ ಪಂದ್ಯ ಹೇಗೆ ನಡೆಯುತ್ತಿತ್ತೆಂದು ಯಂತ್ರ ಗಣಿಸಿ ತೋರಿಸುತ್ತದೆ. ಇದನ್ನು ಪ್ರವಾಹಗಳ ಅಧ್ಯಯನಕ್ಕೆಂದು ಕಟ್ಟಿದವರು ಡಾ. ಅನಸೂಯಾ ಹೊಂಬಳ. ಅವರು ಬೆಟಗೇರಿಯಲ್ಲಿ ಹುಟ್ಟಿದ್ದೇ ತಪ್ಪಾಯಿತು. ಲೀಗ್ ಶುರುವಾಗಿ ಆರು ಪಂದ್ಯ, ಆರೂ ತವರಿನಲ್ಲೇ, ಆರೂ ಸೋಲು. ಪ್ರವಾಹ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಹೇಳಿ ಅಭಿಮಾನಿಗಳು ಯಂತ್ರವನ್ನು ಹೊತ್ತು ತಂದರು. ಅದು ಹೇಳಿದಂತೆ ತಂಡ ಆರಿಸುತ್ತೇನೆಂದು ಕೋಚ್ ಬರೆದುಕೊಟ್ಟಿದ್ದ. ಬರೆದುಕೊಡದಿದ್ದರೆ ಅವನಿಗೆ ಆ ಹೋಟೆಲಿನಲ್ಲಿ ಚಹಾ ಸಿಗುತ್ತಿರಲಿಲ್ಲ.

"ನೋಡಿದ್ರ್ಯಾ?" ಎಂದ ದಾದಾಪೀರ, ಮಂಡಕ್ಕಿಯ ಗಿರ್ಮಿಟ್ ಕಲಸುತ್ತ. "ಕಲ್ಮೇಶನ್ನ ತಗದು ಹಳೇ ಗೋಲ್‌ಕೀಪರನ್ನ ನಿಲ್ಲಿಸಿದ್ರ ಗೆದ್ದೇ ಬಿಟ್ವಿ. ನಾ ಮೊದಲನೇ ದಿನಾನ ಹೇಳಿದ್ದೆ. ಕೇಳಾವ್ರು ಯಾರು?"

ಮೂಲೆಯ ಬೆಂಚಿನಲ್ಲಿದ್ದ ಫಕ್ಕೀರಪ್ಪ ಮಾಸ್ತರರ ಮುಖ ಸಪ್ಪಗಾಯಿತು. ನಿವೃತ್ತ ದೈಹಿಕ ಶಿಕ್ಷಕರಾದ ಅವರೇ ಕಲ್ಮೇಶನಿಗೆ ಎಂಟನೇ ವಯಸ್ಸಿನಲ್ಲಿ ಕೋಲು ಹಿಡಿಯಲು ಕಲಿಸಿದವರು. ಹನ್ನೆರಡು ವರ್ಷ ಕಾದು ಹುಡುಗ ಈ ಸಲ ತಂಡ ಸೇರಿದ್ದ. ಈಗ ಕೈಬಿಟ್ಟರೆ ಮತ್ತೆ ಯಾರೂ ಕರೆಯುವುದಿಲ್ಲ ಎಂದು ಮಾಸ್ತರರಿಗೆ ಗೊತ್ತಿತ್ತು.

"ಡಾಕ್ಟ್ರ, ಬ್ಯಾರೆ ಏನಾರ ಬದಲ್ ಮಾಡ್ರಿ," ಎಂದರು. "ಗಾಳಿ ಇರಬಹುದು. ಹುಲ್ಲಿಗೆ ನೀರು ಹೆಚ್ಚಾಗಿರಬಹುದು."

"ಕುಣಿಯಾಕ ಬರದಾಕಿ ನೆಲ ಡೊಂಕು ಅಂದಿದ್ಲಂತ," ಎಂದ ದಾದಾಪೀರ.

ಅನಸೂಯಾ ಗಾಳಿಯನ್ನು ಬದಲಿಸಿದರು, ತಂಡ ಸೋತಿತು. ನೀರನ್ನು ಬದಲಿಸಿದರು, ಸೋತಿತು. ಊರವರೆಲ್ಲ ಶಪಿಸುತ್ತಿದ್ದ ಅಂಪೈರನನ್ನು ಬದಲಿಸಿದಾಗ ಸೋಲು ಇನ್ನಷ್ಟು ದೊಡ್ಡದಾಯಿತು. ಆಮೇಲೆ ಅವರು ಹಳೆಯ ದಾಖಲೆಗಳನ್ನೆಲ್ಲ ಬಿಚ್ಚಿ ಬಹಳ ಹೊತ್ತು ನೋಡಿದರು.

"ಗೋಲೆಲ್ಲಾ ಮೊದಲರ್ಧದಾಗನ ಆಗ್ಯಾವು," ಎಂದರು. "ಆಗ ಕಲ್ಮೇಶ ಪೂರ್ವದ ತುದಿಯಾಗ ನಿಂತಿರ್ತಾನ. ಅಂವನ ಹಿಂದ ಹದಿನಾಲ್ಕನೇ ಕುರ್ಚಿ ಯಾರದ್ರಿ?"

ಎಲ್ಲರೂ ಮಾಸ್ತರರತ್ತ ತಿರುಗಿದರು. ಇಪ್ಪತ್ತೆರಡು ವರ್ಷಗಳಿಂದ ಅದು ಅವರದೇ ಕುರ್ಚಿ. ಅಲ್ಲಿಂದ ಅವರು ಎಡಕ್ಕ ಹೋಗು, ಬಲಕ್ಕ ಬಾ ಎಂದು ಕೂಗುವುದು ಬಸ್ ನಿಲ್ದಾಣದವರೆಗೂ ಕೇಳುತ್ತಿತ್ತು. ಅನಸೂಯಾ ಆ ಕುರ್ಚಿಯ ಸದ್ದೊಂದನ್ನೇ ಅಳಿಸಿ ಯಂತ್ರ ನಡೆಸಿದರು. ಗೋಡೆಯ ಮೇಲೆ ಕಲ್ಮೇಶ ಒಂದೂ ಗೋಲು ಬಿಡಲಿಲ್ಲ.

"ಚೆಂಡು ಬಂದಾಗ ಅಂವನ ಕಾಲು ತಾನಾಗೇ ಸರಿಯಾಗಿ ಹೊರಡ್ತದ್ರಿ," ಎಂದು ಅವರು ಮೆಲ್ಲಗೆ ವಿವರಿಸಿದರು. "ನಿಮ್ಮ ದನಿ ಕೇಳಿದ ಕೂಡ್ಲೆ ನಿಲ್ತದ. ಸರ್ ಏನ್ ಹೇಳ್ತಾರ ಅಂತ ಕಾಯ್ತಾನ. ಅರ್ಧ ಸೆಕೆಂಡು. ಚೆಂಡಿಗೆ ಅಷ್ಟು ಸಾಕು."

ಮಾಸ್ತರರು ವರ್ಷದ ಪಾಸನ್ನು ಕಿಸೆಯಿಂದ ತೆಗೆದು ಮೇಜಿನ ಮೇಲಿಟ್ಟರು. "ಹಂಗಾರ ತಗೀಬೇಕಾದಾಂವ ಕಲ್ಮೇಶ ಅಲ್ಲ," ಎಂದು ಎದ್ದು ಹೋದರು. ಅವರಿಗೆ ಅಳು ಬಂದಿತ್ತು, ಯಾರೂ ಅದನ್ನು ಆಡಿಕೊಳ್ಳಲಿಲ್ಲ.

ಏಳನೇ ಪಂದ್ಯಕ್ಕೆ ಕುರ್ಚಿ ಖಾಲಿ ಇತ್ತು. ಯಂತ್ರದ ಮಾತು ನಂಬಿ ದಾದಾಪೀರ ಎರಡು ಬುಟ್ಟಿ ಪೇಢೆ ತರಿಸಿದ್ದ. ಆದರೆ ಕಲ್ಮೇಶ ಪದೇ ಪದೇ ಹಿಂದಕ್ಕೆ ತಿರುಗಿ ಆ ಖಾಲಿ ಕುರ್ಚಿಯನ್ನೇ ನೋಡತೊಡಗಿದ. ಮಾಸ್ತರರಿಗೆ ಆರಾಮಿಲ್ಲವೋ, ತನ್ನ ಮೇಲೆ ಸಿಟ್ಟೋ ಅವನಿಗೆ ತಿಳಿಯದು. ಅವನು ತಿರುಗಿದ್ದಾಗಲೇ ಎರಡು ಗೋಲು ಆದವು. ಮೊದಲ ಕಾಲುಭಾಗ ಮುಗಿಯುತ್ತಲೇ ದಾದಾಪೀರ ಚಪ್ಪಲಿ ಕೈಯಲ್ಲಿ ಹಿಡಿದು ಮೈದಾನದ ಹಿಂದಿನ ಓಣಿಯಲ್ಲಿದ್ದ ಮಾಸ್ತರರ ಮನೆಗೆ ಓಡಿದ.

ಮಾಸ್ತರರು ಬಂದರು. ಬರುವ ಮೊದಲು ಐದು ಎಲೆಗಳನ್ನು ಒಟ್ಟಿಗೆ ಮಡಿಸಿ, ಅಡಿಕೆ ಸುಣ್ಣ ಸೇರಿಸಿ ಬಾಯಿ ತುಂಬ ಒತ್ತಿಕೊಂಡಿದ್ದರು. ಎರಡೂ ಕೆನ್ನೆ ಉಬ್ಬಿದ್ದವು. ತುಟಿ ಬಿಚ್ಚಿದರೆ ಮುಂದಿನ ಸಾಲಿನವರ ಅಂಗಿ ಕೆಂಪಾಗುವುದು ಖಂಡಿತ. ಕಲ್ಮೇಶ ಒಮ್ಮೆ ತಿರುಗಿ ಅವರನ್ನು ನೋಡಿದ. ಮತ್ತೆ ತಿರುಗಲಿಲ್ಲ, ಗೋಲನ್ನೂ ಬಿಡಲಿಲ್ಲ. ಕೊನೆಗೆ ಪಂದ್ಯ ಎರಡು ಎರಡು ಸಮವಾಯಿತು. ಅದು ಲಾಳಿ ತಂಡದ ಆ ವರ್ಷದ ಮೊದಲ ಅಂಕ.

ಹೋಟೆಲಿನಲ್ಲಿ ಅನಸೂಯಾ ತಪ್ಪೊಪ್ಪಿಕೊಂಡರು. "ಆರು ಪಂದ್ಯದಾಗ ಆ ಕುರ್ಚಿ ಒಮ್ಮೇನೂ ಖಾಲಿ ಇರಲಿಲ್ಲ. ಖಾಲಿ ಆದ್ರ ಹುಡುಗ ಏನ್ ಮಾಡ್ತಾನ ಅನ್ನೂದು ಯಂತ್ರಕ್ಕ ಗೊತ್ತಿರಲಿಲ್ಲರಿ. ನಾ ದನಿ ಒಂದ ಅಳಿಸಿದ್ದೆ. ಮನಷ್ಯಾ ಅಲ್ಲೇ ಕುಂತಿದ್ದ."

ಕಲ್ಮೇಶ ಬೆವರಿನಲ್ಲೇ ಬಂದು ಮಾಸ್ತರರ ಪಕ್ಕ ಕುಳಿತ. "ಸರ್, ಇವತ್ತ ಏನೂ ಅನ್ನಲಿಲ್ಲ. ತಪ್ಪಾತೇನ್ರಿ?"

ಮಾಸ್ತರರು ಹೊರಗೆ ಹೋಗಿ ಉಗುಳಿ, ಬಾಯಿ ಮುಕ್ಕಳಿಸಿ ಬಂದರು. "ತಪ್ಪಿದ್ರ ಅಂತಿದ್ದೆ," ಎಂದು ಅವನ ಬೆನ್ನ ಮೇಲೆ ಕೈಯಿಟ್ಟರು.

ದಾದಾಪೀರನಿಗೆ ಇದ್ಯಾವುದೂ ಬೇಕಿರಲಿಲ್ಲ. ಅವನು ಅದಲುಬದಲಿಯನ್ನು ಎಳೆದುಕೊಂಡು ಮಾಸ್ತರರನ್ನು ಮೊದಲ ನಿಮಿಷದಿಂದಲೇ ಕುರ್ಚಿಯಲ್ಲಿ ಕೂರಿಸಿ, ಬಾಯಿಗೆ ಎಲೆ ತುಂಬಿ, ಗುಂಡಿ ಒತ್ತಿದ. ಲಾಳಿ ತಂಡ ಎರಡು ಗೋಲುಗಳಿಂದ ಗೆದ್ದಿತು.

"ನೋಡ್ರಿ," ಎಂದು ಅವನು ಕೋಚ್‌ನ ಮುಂದಿನ ಚಹಾ ಕಪ್ಪನ್ನು ಹಿಂದಕ್ಕೆ ತೆಗೆದುಕೊಂಡ. "ಮಾಸ್ತರನ್ನ ಇಷ್ಟು ತಡಾ ಮಾಡಿ ಮೈದಾನಕ್ಕ ಇಳಿಸಿದಾಂವ ಯಾರು?"