ಒಂದನೇ ನಂಬರಿನ ಸೀಟು

ಮನುಷ್ಯಕುಲ ಇದುವರೆಗೆ ಎದುರಿಸಿದ ಪ್ರಶ್ನೆಗಳಲ್ಲೆಲ್ಲ ಅತ್ಯಂತ ಗಹನವಾದದ್ದು ಯಾವುದೆಂದರೆ, ಒಂದೇ ಕಾರನ್ನು ಓಡಿಸುವ ಇಬ್ಬರಲ್ಲಿ ಸೀಟನ್ನು ಯಾರ ಅಳತೆಗೆ ಬಿಡಬೇಕು ಎಂಬುದು. ಗಡಿ ಜಗಳಗಳು ಒಪ್ಪಂದದಲ್ಲಿ ಮುಗಿದಾವು, ಆಸ್ತಿ ವ್ಯಾಜ್ಯಗಳು ಮೊಮ್ಮಕ್ಕಳ ಕಾಲಕ್ಕಾದರೂ ತೀರಿಯಾವು. ತಾನು ಕೂರುವ ಸೀಟನ್ನು ಇನ್ನೊಬ್ಬರು ಬೆರಳಷ್ಟು ಹಿಂದೆ ಸರಿಸಿದ್ದನ್ನು ಮನಸಾರೆ ಕ್ಷಮಿಸಿದವರನ್ನು ಮಾತ್ರ ಯಾರೂ ಕಂಡಿಲ್ಲ. ಈ ಮಹಾಸಂಕಟವನ್ನು ಬಗೆಹರಿಸಲೆಂದೇ ದುಬಾರಿ ಕಾರು ಮಾಡುವವರು ಚಾಲಕರ ಬಾಗಿಲಿನ ಒಳಮೈಯಲ್ಲಿ ಒಂದು, ಎರಡು ಎಂದು ಬಟನ್‌ಗಳನ್ನು ಇಟ್ಟರು. ಒತ್ತಿದರೆ ಸಾಕು, ಸೀಟು ತನ್ನ ಒಡೆಯರನ್ನು ನೆನಪಿಸಿಕೊಂಡು ತಾನೇ ಸರಿಯುತ್ತದೆ, ತಾನೇ ಏರುತ್ತದೆ, ಕನ್ನಡಿಗಳು ವಿಧೇಯವಾಗಿ ಕತ್ತು ತಿರುಗಿಸುತ್ತವೆ.

"ಕಾರು ತಗೊಂಡು ಹೋಗು," ಎಂದಳು ಗಾಲಿಕುರ್ಚಿಯಲ್ಲಿ ಕೂತಿದ್ದ ಹೆಂಗಸು. "ಒಂದನೇ ನಂಬರ್ ಮಾತ್ರ ನಂದು. ಅದನ್ನ ಅಳಿಸ್ಬೇಡ."

ಕುರ್ಚಿಯಲ್ಲಿದ್ದವಳು ಟೈಲ್ಸ್ ಸಾಹುಕಾರನ ಮೊದಲ ಹೆಂಡತಿ. ಕಾರಿನ ಕೀ ಹಿಡಿದು ನಿಂತಿದ್ದವಳು ಎರಡನೆಯವಳು; ಫಿಸಿಯೋಥೆರಪಿಯವಳಾದ್ದರಿಂದ ಊರಿಗೆಲ್ಲ ಡಾಕ್ಟರಮ್ಮ. ಜಾರುವುದೇ ಇಲ್ಲವೆಂದು ಸಾಹುಕಾರ ಪ್ರಮಾಣ ಮಾಡಿ ಮಾರುತ್ತಿದ್ದ ಟೈಲ್ಸಿನ ಮೇಲೆ, ಅವನದೇ ಷೋರೂಮಿನಲ್ಲಿ, ಮೊದಲನೆಯವಳು ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಅವಳನ್ನು ಎಬ್ಬಿಸಿ ನಡೆಸಲೆಂದು ಡಾಕ್ಟರಮ್ಮ ಮನೆಗೆ ಬರತೊಡಗಿದಳು. ಬಂದವಳು "ಅಕ್ಕಾ, ಅಕ್ಕಾ" ಎನ್ನುತ್ತಲೇ ಉಳಿದುಕೊಂಡಳು. ಅಕ್ಕ ಏಳಲಿಲ್ಲ. ಕೊನೆಗೆ ವಿಚ್ಛೇದನದ ಕಾಗದಪತ್ರಗಳಾಗಿ ಫ್ಲಾಟು ಅಕ್ಕನಿಗೂ, ಗಂಡ ಮತ್ತು ಕಾರು ಡಾಕ್ಟರಮ್ಮನಿಗೂ ಹಂಚಿಕೆಯಾದವು.

"ಅಳಿಸಿದ್ರೆ ಏನಾಗುತ್ತಕ್ಕಾ?" ಡಾಕ್ಟರಮ್ಮ ನಗುತ್ತ ಕೇಳಿದಳು.

ಉತ್ತರ ಕುರ್ಚಿಯ ಹಿಂದಿನಿಂದ ಬಂತು. ಅಲ್ಲಿ ನಿಂತಿದ್ದವಳು ಮೊದಲನೆಯವಳ ಸೋದರತ್ತೆ. ಸದಾ ಕೈಯಲ್ಲಿ ಹೆಣಿಗೆ ಇರುತ್ತಿದ್ದುದರಿಂದ ಆ ಕಟ್ಟಡದವರು ಅವಳನ್ನು ಗಂಟಿನತ್ತೆ ಎನ್ನುತ್ತಿದ್ದರು. ಅವಳು ಹೆಣೆದ ಸ್ವೆಟರನ್ನು ಮಕ್ಕಳಿಗೆ ತೊಡಿಸಿದವರೂ, ಅವಳ ಜೊತೆ ಪಾರ್ಕಿಂಗ್ ಜಾಗಕ್ಕೆ ಜಗಳವಾಡಿ ಬೆರಳು ಮಡಚಿಕೊಂಡು ಬಿಚ್ಚಲಾಗದೆ ಹೋದವನ ಕತೆ ಹೇಳುವವರೂ ಒಂದೇ ಲಿಫ್ಟಿನಲ್ಲಿ ಓಡಾಡುತ್ತಿದ್ದರು.

"ಅಳಿಸಿದ್ರೆ ಬೇರೆ ಕಡೆ ಬರ್ಕೊಳ್ಳುತ್ತೆ, ತಾಯಿ," ಎಂದಳು ಗಂಟಿನತ್ತೆ, ಸೂಜಿಯಿಂದ ಕಣ್ಣು ತೆಗೆಯದೆ.

"ಅತ್ತೇ, ಇದು ಸಾಫ್ಟ್‌ವೇರು. ದೆವ್ವ ಅಲ್ಲ."

ಡಾಕ್ಟರಮ್ಮ ಕಾರಿನೊಳಗೆ ಕೂತಳು. ಮೊದಲನೆಯವಳು ಗಿಡ್ಡ; ಸೀಟು ಸ್ಟೀರಿಂಗಿಗೆ ಮುತ್ತಿಡುವಷ್ಟು ಮುಂದಿತ್ತು. ಡಾಕ್ಟರಮ್ಮನೋ ಬಾಗಿಲು ದಾಟುವಾಗ ಅಭ್ಯಾಸಬಲದಿಂದ ತಲೆ ತಗ್ಗಿಸುವಷ್ಟು ಎತ್ತರ, ಆ ಎತ್ತರದ ಮೇಲೆ ಅವಳಿಗೆ ತಾನು ಓದಿದ ಎರಡು ಡಿಗ್ರಿಗಳಿಗಿಂತ ಹೆಚ್ಚು ಅಭಿಮಾನ. ಸೀಟನ್ನು ಹಿಂದಕ್ಕೆ ದೂಡಿ, ಕಾಲು ಚಾಚಿ, ಎಲ್ಲರೂ ನೋಡುತ್ತಿರುವಂತೆಯೇ ಒಂದನೇ ನಂಬರನ್ನು ಒತ್ತಿ ಹಿಡಿದಳು. ಕಾರು 'ಕುಂಯ್' ಎಂದಿತು. ಹಳೆಯದು ಅಳಿಸಿಹೋಯಿತು. ಪಕ್ಕದಲ್ಲಿದ್ದ ಸಾಹುಕಾರ ಕಿಟಕಿಯಾಚೆ ಯಾವುದೋ ಕಂಬವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಗಳಿಗೆಗಳಲ್ಲಿ ಅವನಿಗೆ ಕಂಬಗಳು ಬಹಳ ಇಷ್ಟ.

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಸೀಟು ಮುಂದಿತ್ತು.

ಅವಳ ಮಂಡಿ ಸ್ಟೀರಿಂಗಿಗೆ ಬಡಿಯಿತು. ಬೈದುಕೊಂಡು ಹಿಂದಕ್ಕೆ ದೂಡಿದಳು, ಮತ್ತೆ ನಂಬರ್ ಒತ್ತಿದಳು. ಅದರ ಮರುದಿನವೂ ಅದೇ. ಕನ್ನಡಿಗಳಲ್ಲಿ ರಸ್ತೆಯ ಬದಲು ಅವಳದೇ ಕೊರಳು ಕಾಣುತ್ತಿತ್ತು. ಗಿಡ್ಡ ಹೆಂಗಸಿನ ಕಣ್ಣು ಎಲ್ಲಿರಬೇಕೋ ಅಲ್ಲಿ.

ಸಾಹುಕಾರ ಆ ಕಾರಿನ ಮಾಲೀಕರ ವಾಟ್ಸಾಪ್ ಗುಂಪಿನಲ್ಲಿ ಗಣ್ಯ ವ್ಯಕ್ತಿ. 'ಚಿಕ್ಕ ಕಾರಿನ ಮೈ, ದೊಡ್ಡ ಕಾರಿನ ಮನಸ್ಸು' ಎಂದು ಅವನು ಬರೆದಿದ್ದ ಅನುಭವಕ್ಕೆ ಬಿದ್ದ ಹೆಬ್ಬೆರಳುಗಳಿಗೆ ಲೆಕ್ಕವಿರಲಿಲ್ಲ. ಸಮಸ್ಯೆಯನ್ನು ಅಲ್ಲಿ ಮಂಡಿಸಿದ. ಬ್ಯಾಟರಿ ಕಳಚಿ ಹಾಕಿ ಎಂದ ಒಬ್ಬ. ನನ್ನ ಕಾರಿನ ಡಿಕ್ಕಿ ಅತ್ತೆ ಬಂದಾಗ ತಾನಾಗಿ ತೆರೆದುಕೊಳ್ಳುತ್ತದೆ, ಕಂಪನಿಯವರಿಗೆ ನಮ್ಮ ಮನಸ್ಸು ಅರ್ಥವಾಗಿದೆ ಎಂದ ಇನ್ನೊಬ್ಬ. ಸರ್ವೀಸಿನವನು ತಂತಿ ಚುಚ್ಚಿ, ಪರದೆ ನೋಡಿ, ತಲೆ ಕೆರೆದುಕೊಂಡ. "ಮೇಡಂ, ಇದರ ಮೆಮೊರಿ ಖಾಲಿ ಇದೆ. ಒಂದೂ ಇಲ್ಲ, ಎರಡೂ ಇಲ್ಲ."

ಆಮೇಲೆ ವಾಸನೆ ಶುರುವಾಯಿತು. ಏಸಿ ಹಾಕಿದರೆ ಹೊಸ ಚರ್ಮದ ಘಮದ ಅಡಿಯಿಂದ ನೋವಿನೆಣ್ಣೆಯ ಘಾಟು, ಅದರಡಿಯಿಂದ ಬಹಳ ದಿನ ಮಲಗಿದವರ ಬೆವರು, ಬೆನ್ನಿನ ಹುಣ್ಣಿನ ಸಿಹಿಯಾದ ಕೊಳೆತ ನಾತ. ಆ ವಾಸನೆ ಡಾಕ್ಟರಮ್ಮನಿಗೆ ಗೊತ್ತಿತ್ತು. ಪರದೆ ಎಳೆದ ಆ ಕೋಣೆಯಲ್ಲಿ, ಕಾಲೆತ್ತಲು ಹವಣಿಸುತ್ತಿದ್ದ ಹೆಂಗಸಿನ ಎದೆ ಮೇಲೆ ಮೆಲ್ಲಗೆ ಕೈಯಿಟ್ಟು, "ಬೇಡಕ್ಕಾ, ಅಲ್ಲಾಡ್ಬೇಡಿ, ಸುಮ್ನೆ ಮಲ್ಕೊಳ್ಳಿ" ಎಂದು ಅವಳು ಹೇಳುತ್ತಿದ್ದುದು ಈ ವಾಸನೆಯ ನಡುವೆಯೇ. ಆ ದಿನಗಳಲ್ಲಿ ಆ ಕಾಲುಗಳಿಗೆ ಬೇಕಾಗಿದ್ದದ್ದು ಅಲ್ಲಾಟವೊಂದೇ. ಮಲಗಿದ ಸ್ನಾಯು ಬಿಸಿಲಿಗಿಟ್ಟ ಮೇಣದಂತೆ ಕರಗುತ್ತದೆಂದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು. ಅವಳಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಸಾಹುಕಾರನಿಗೆ ಮಾತ್ರ ಅವಳು ಹೇಳಿದ್ದು, "ಅಕ್ಕ ಇನ್ನು ಏಳಲ್ಲ ರೀ" ಎಂದು.

ಕಿಟಕಿ ಇಳಿಸಿ ಓಡಿಸತೊಡಗಿದಳು.

ಒಂದು ಬೆಳಿಗ್ಗೆ ಮಂಡಿ ಬಡಿಯಲಿಲ್ಲ. ಕನ್ನಡಿಯಲ್ಲಿ ರಸ್ತೆ ಸರಿಯಾಗಿ ಕಂಡಿತು. ಅಂತೂ ದಾರಿಗೆ ಬಂತಲ್ಲ ಎಂದು ಅವಳು ಹಾಡು ಹಾಕಿಕೊಂಡು ಕ್ಲಿನಿಕ್ಕಿಗೆ ಹೋದಳು. ಬಿಸಿ ಶಾಖದ ಚೀಲ ತೆಗೆಯಲು ಮೇಲಿನ ಕಪಾಟಿಗೆ ಕೈ ಚಾಚಿದಳು. ಕೈ ಮುಟ್ಟಲಿಲ್ಲ. ತುದಿಗಾಲಲ್ಲಿ ನಿಂತಳು. ಮುಟ್ಟಲಿಲ್ಲ. ಬಿಳಿ ಕೋಟಿನ ತೋಳು ಬೆರಳುಗಳನ್ನು ಮುಚ್ಚುತ್ತಿತ್ತು.

ಭುಜದ ನೋವಿಗೆಂದು ಬರುತ್ತಿದ್ದ ನಿವೃತ್ತ ಮೇಷ್ಟ್ರು ಅವಳನ್ನೇ ದಿಟ್ಟಿಸಿದರು. "ಏನಮ್ಮಾ, ಹೀಲ್ಸ್ ಬಿಟ್ರಾ? ಮೊನ್ನೆವರೆಗೂ ನಿಮ್ಮ ಮುಖ ನೋಡ್ಬೇಕಾದ್ರೆ ಕತ್ತು ಎತ್ತಬೇಕಿತ್ತು. ಆ ವ್ಯಾಯಾಮಾನೂ ತಪ್ಪಿಸಿಬಿಟ್ರಲ್ಲ."

ಅವಳು ಹೀಲ್ಸ್ ಹಾಕಿದವಳೇ ಅಲ್ಲ.

ಸಾಹುಕಾರ ಊಟದ ತಟ್ಟೆಯಿಂದ ತಲೆಯೆತ್ತಿ ಮೇಲಿಂದ ಕೆಳಗೆ ನೋಡಿ, "ನೀನು ಇಷ್ಟೇ ಇದ್ಯಲ್ಲ?" ಎಂದ. ಇದ್ದದ್ದನ್ನು ನೋಡದಿರುವುದರಲ್ಲಿ ಅವನು ಪಳಗಿದ ಕೈ. ಅವಳು ಅವನ ಪಕ್ಕ ಬಂದು ನಿಂತಳು. ಭುಜಕ್ಕೆ ಭುಜ ತಾಗುತ್ತಿದ್ದವಳ ನೆತ್ತಿ ಈಗ ಅವನ ಅಂಗಿಯ ಜೇಬಿನ ಬಳಿಯಿತ್ತು. ಅವಳ ಬೆನ್ನಿನೊಳಗೆ ಏನೋ ಮೆಲ್ಲಗೆ ಬಿಗಿಯಿತು, ಯಾರೋ ಹೆಣಿಗೆಯ ಸಾಲೊಂದನ್ನು ಮುಗಿಸಿ ದಾರ ಎಳೆದ ಹಾಗೆ.

ಅವಳು ಅಡುಗೆಮನೆಯ ಚಾಕು ತೆಗೆದುಕೊಂಡು ಕಾರಿನ ಬಳಿಗೆ ಓಡಿದಳು. ಸೀಟಿನ ಬೆನ್ನನ್ನು ಮೇಲಿನಿಂದ ಕೆಳಗೆ ಸೀಳಿದಳು. ಹಿಂದಿನಿಂದ ಸಾಹುಕಾರನ ಕೂಗು: "ಅಯ್ಯೋ, ಲೆದರ್! ಅದು ಒರಿಜಿನಲ್ ಲೆದರ್ ಕಣೇ!"

ಫೋಮಿನೊಳಗೆ, ಮನುಷ್ಯರ ಬೆನ್ನುಮೂಳೆ ಎಲ್ಲಿ ಒರಗುತ್ತದೋ ಸರಿಯಾಗಿ ಅಲ್ಲಿ, ಅದು ನೇತಾಡುತ್ತಿತ್ತು. ರೋಗಿಗಳ ಕಾಲಿಗೆ ಕಟ್ಟಿ ಎಳೆಸುವ ಹಳದಿ ರಬ್ಬರ್ ಪಟ್ಟಿ. ಅದರ ಉದ್ದಕ್ಕೂ ಗಂಟು, ಗಂಟಿನ ಮೇಲೆ ಗಂಟು, ಕುತ್ತಿಗೆಯ ಕಡೆ ಸಣ್ಣವು, ಸೊಂಟದ ಕಡೆ ದಪ್ಪವು. ಪ್ರತಿ ಗಂಟಿನೊಳಗೂ ಸುತ್ತಿದ ಉದ್ದ ಕೂದಲು. ಪಟ್ಟಿ ಅವಳದು. ಕೂದಲೂ ಅವಳದೇ. ಆ ಮನೆಯಲ್ಲಿ ಎರಡಕ್ಕೂ ಬರವಿರಲಿಲ್ಲ. ಪಟ್ಟಿ ರೋಗಿಯ ಮಂಚದ ಮೇಲೆ ಸಿಗುತ್ತಿತ್ತು, ಕೂದಲು ಯಜಮಾನರ ದಿಂಬಿನ ಮೇಲೆ.

ಪಟ್ಟಿಯನ್ನು ಕಿತ್ತುಕೊಂಡು, ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಳೆಯ ಫ್ಲಾಟಿಗೆ ಹೋದಳು. ಸೀಳಿದ ಸೀಟು ಅವಳ ಬೆನ್ನನ್ನು ಸರಿಯಾಗಿ ಹಿಡಿದುಕೊಂಡಿತ್ತು, ಬಹಳ ದಿನದ ಪರಿಚಯದವರ ಹಾಗೆ. ಕಟ್ಟಡದ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸಿ, ಅವನನ್ನು ಅಲ್ಲೇ ಬಿಟ್ಟು ಮೇಲೆ ಹೋದಳು.

ಬಾಗಿಲು ತೆರೆದೇ ಇತ್ತು. ಕಿಟಕಿಯ ಬಳಿ ಮೊದಲನೆಯವಳು ಸರಳು ಹಿಡಿದು ನಿಂತಿದ್ದಳು. ಕಾಲುಗಳು ಗಡಗಡ ನಡುಗುತ್ತಿದ್ದವು. ಆದರೆ ನಿಂತಿದ್ದಳು.

"ಅಕ್ಕಾ, ಇದನ್ನ ತೆಗೀರಿ," ಎಂದು ಡಾಕ್ಟರಮ್ಮ ಪಟ್ಟಿಯನ್ನು ಚಾಚಿದಳು.

ಮೊದಲನೆಯವಳು ತಿರುಗಲಿಲ್ಲ. ಗಂಟಿನತ್ತೆ ಹೆಣಿಗೆಯನ್ನು ಮಡಿಲಲ್ಲಿ ಇಟ್ಟಳು. "ಕಟ್ಟಿದ್ದು ನಾನು. ಬಿಚ್ಚೋದು ನಿನ್ನ ಕೈಲಿದೆ. ಎಲ್ಲಿತ್ತೋ ಅಲ್ಲೇ ಕೂತು, ಬೆರಳಲ್ಲಿ ಬಿಚ್ಚು. ಒಂದೊಂದು ಗಂಟಿಗೆ ಒಂದೊಂದು ನಿಜ ಹೇಳು. ಬಾಯಿಬಿಟ್ಟು. ಅವನ ಎದುರಿಗೆ."

"ಹೇಳಿದ್ರೆ?"

"ಎದ್ದು ಹೋಗ್ತೀಯ. ಕತ್ತರಿ ಮಾತ್ರ ಮುಟ್ಟಿಸ್ಬೇಡ, ಮಗಳೇ."

ನೆಲಮಾಳಿಗೆಯಲ್ಲಿ ಹಗಲೂ ಇರುಳೇ. ಯಾರಾದರೂ ಅಲುಗಾಡಿದರೆ ಮಾತ್ರ ಹತ್ತುವ ದೀಪಗಳು. ಒದ್ದೆ ಸಿಮೆಂಟಿನ, ಹಳೆ ಟೈರಿನ ವಾಸನೆ. ಎಲ್ಲೋ ಪೈಪಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ಸೀಟಿನಲ್ಲಿ ಕೂತು ಬಾಗಿಲು ಹಾಕಿದಳು. ಸ್ವಲ್ಪ ಹೊತ್ತಿಗೆ ದೀಪ ಆರಿತು.

"ನಿಮ್ಮ ಮೇಲೆ ಮೊದಲ ದಿನವೇ ಕಣ್ಣು ಹಾಕಿದ್ದೆ," ಎಂದಳು, ಮೊದಲ ಗಂಟನ್ನು ಬೆರಳಲ್ಲಿ ಹಿಡಿದು.

"ಏನಿದು ಈಗ?" ಕತ್ತಲಲ್ಲಿ ಸಾಹುಕಾರ ನಾಚಿಕೊಂಡಂತಿತ್ತು.

ಗಂಟು ಬೆಣ್ಣೆಯ ಹಾಗೆ ಜಾರಿ ಬಿಚ್ಚಿಕೊಂಡಿತು. ಅವಳ ಕುತ್ತಿಗೆಯೊಳಗೆ ಲಟಕ್ ಎಂದು ಒಂದು ಮೂಳೆ ಸಡಿಲವಾಯಿತು. ತಲೆ ಒಂದಿಷ್ಟು ಮೇಲೇರಿತು. ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು.

"ಅಕ್ಕ ಎಚ್ಚರ ಇದ್ದಾಳೆ ಅಂತ ಗೊತ್ತಿದ್ದೇ ಪಕ್ಕದ ಕೋಣೆಯಲ್ಲಿ ನಗ್ತಿದ್ದೆ."

ಇನ್ನೊಂದು ಬಿಚ್ಚಿತು. ಭುಜ ಅಗಲವಾಯಿತು. ಸಾಹುಕಾರ ಕೆಮ್ಮಿದ.

ಮೂರನೆಯ ಗಂಟು ಗಟ್ಟಿಯಿತ್ತು. ಅದು ಯಾವ ನಿಜದ್ದೆಂದು ಅವಳ ಬೆರಳಿಗೆ ತಿಳಿಯಿತು. ಬಾಯಿ ತೆರೆದಳು. ಕ್ಲಿನಿಕ್ಕಿನ ಬಾಗಿಲ ಮೇಲಿನ ಹೆಸರುಫಲಕ ಕಣ್ಮುಂದೆ ಬಂತು. ಪಕ್ಕದಲ್ಲಿ ಉಸಿರಾಡುತ್ತಿದ್ದ ಗಂಡ ನೆನಪಾದ. ಮೊದಲ ಹೆಂಡತಿಯನ್ನು ಬಿಟ್ಟದ್ದಕ್ಕೆ ಅವನು ತನಗೆ ತಾನೇ ಹೇಳಿಕೊಂಡಿದ್ದ ಸಮಾಧಾನ ಒಂದೇ ಒಂದು, ಅವಳು ಇನ್ನು ಏಳುವುದಿಲ್ಲ ಎಂಬುದು. ಆ ಒಂದು ಮಾತಿನ ಮೇಲೆಯೇ ಡಾಕ್ಟರಮ್ಮನ ಸಂಸಾರ ನಿಂತಿತ್ತು.

"ವ್ಯಾಯಾಮ..." ಎಂದಳು.

"ಯಾವ ವ್ಯಾಯಾಮ?"

"ವ್ಯಾಯಾಮ... ಅಕ್ಕಾನೇ ಸರಿಯಾಗಿ ಮಾಡ್ಲಿಲ್ಲ."

ಗಂಟು ಬಿಗಿಯಿತು.

ಗುಂಯ್ ಎಂದಿತು ಸೀಟಿನ ಮೋಟಾರು. ಕಾರು ಆಫ್ ಆಗಿತ್ತು. ಸೀಟು ಮುಂದೆ ಸರಿಯಿತು. ಸ್ಟೀರಿಂಗು ಎದೆಗೆ ತಾಗಿತು. ಇನ್ನೂ ಸರಿಯಿತು. ಪಕ್ಕೆಲುಬು ಕಿರುಗುಟ್ಟಿತು. ನೋವಿನೆಣ್ಣೆಯ ಘಾಟು ಮೂಗಿಗೆ ನುಗ್ಗಿತು, ಬಾಯಿಗೆ ನುಗ್ಗಿತು. ಸೀಟಿನ ಸೀಳಿನಿಂದ ಯಾವುದೋ ಕೈ. ತಣ್ಣಗಿನ ಕೈ. ಅವಳ ಎದೆಯ ಮೇಲೆ, ಮೆಲ್ಲಗೆ, ಅಕ್ಕರೆಯಿಂದ. ಅಲ್ಲಾಡ್ಬೇಡ. ಸುಮ್ನೆ ಮಲ್ಕೋ. ಅದು ಅವಳದೇ ದನಿ.

"ಏನಾಯ್ತೇ? ನಿಜ ಹೇಳೇ ಮಾರಾಯ್ತಿ, ಏನಿದ್ರೂ ಹೇಳಿಬಿಡು!" ಸಾಹುಕಾರ ಬಾಗಿಲಿನ ಹಿಡಿ ಜಗ್ಗುತ್ತಿದ್ದ. ಬಾಗಿಲು ತೆರೆಯುತ್ತಿರಲಿಲ್ಲ.

ಹೇಳಿದರೆ ಎಲ್ಲ ಹೋಯಿತು. ಹೇಳಲಾರೆ. ಅವಳ ಕೈ ಇನ್ನೂ ಕಳಚಿರದ ಬಿಳಿ ಕೋಟಿನ ಜೇಬಿಗೆ ಹೋಯಿತು. ಪ್ಲಾಸ್ಟರು ಕತ್ತರಿಸುವ ಪುಟ್ಟ ಕತ್ತರಿ. ದಿನವೂ ಬಳಸುವ ಕತ್ತರಿ. ಬಿಗಿದದ್ದನ್ನು ಕತ್ತರಿಸಿದರೆ ಸಡಿಲವಾಗುತ್ತದೆ. ಇಷ್ಟು ವರ್ಷ ಅವಳು ಮಾಡಿದ್ದೇ ಅದು. ರಬ್ಬರಿನ ಮೇಲೆ ಅಲಗು ಇಟ್ಟಳು. ಒತ್ತಿದಳು.

ಪಟ್ ಎಂದಿತು. ರಬ್ಬರೋ, ಬೇರೇನೋ.

ಮೋಟಾರು ನಿಂತಿತು. ಸೀಟು ಮೆಲ್ಲಗೆ ಹಿಂದಕ್ಕೆ ಸರಿಯಿತು. ಘಾಟು ಮಾಯವಾಯಿತು. ಬಾಗಿಲು ತಾನಾಗಿ ಕ್ಲಿಕ್ ಎಂದಿತು, ದೀಪ ಹತ್ತಿತು. ಕನ್ನಡಿಯಲ್ಲಿ ಅವಳಿಗೆ ತನ್ನ ಮುಖ ಕಂಡಿತು, ಎತ್ತರದಲ್ಲಿ, ಮೊದಲಿದ್ದಲ್ಲೇ. ಹಿಂದಿನ ಎತ್ತರವಷ್ಟೂ ಮರಳಿತ್ತು. ಅವಳು ಗಂಡನ ಕಡೆ ತಿರುಗಿ ಗೆದ್ದವಳ ಹಾಗೆ ನಕ್ಕಳು.

"ನೋಡಿದ್ರಾ? ಎಲ್ಲ ಬೂಟಾಟಿಕೆ. ಇಳೀರಿ, ಹೋಗೋಣ."

ಕಾಲಿಗೆ ಇಳಿ ಎಂದಳು. ಕಾಲು ಕೇಳಲಿಲ್ಲ. ಮತ್ತೆ ಹೇಳಿದಳು. ಕೈಯಿಂದ ತೊಡೆ ಚಿವುಟಿದಳು. ಯಾರದೋ ತೊಡೆ ಚಿವುಟಿದ ಹಾಗಿತ್ತು. ಉಗುರು ಊರಿದಲ್ಲಿ ರಕ್ತ ಬಂತು, ನೋವು ಬರಲಿಲ್ಲ. ಅವಳು ಕಿರುಚಿದಳು. ನೆಲಮಾಳಿಗೆ ಆ ಕಿರುಚಾಟವನ್ನು ಕಂಬದಿಂದ ಕಂಬಕ್ಕೆ ಎಸೆಯಿತು.

ಲಿಫ್ಟು ತೆರೆಯಿತು. ಗಂಟಿನತ್ತೆಯ ತೋಳು ಹಿಡಿದು ಮೊದಲನೆಯವಳು ಹೊರಗೆ ಬಂದಳು. ಒಂದು ಹೆಜ್ಜೆ ಇಟ್ಟಳು. ನಿಂತಳು. ಇನ್ನೊಂದು ಇಟ್ಟಳು. ಕಾರಿನಿಂದಿಳಿದ ಸಾಹುಕಾರ ಬಾಯಿ ತೆರೆದು ನಿಂತಿದ್ದ. ಈ ಸಲ ನೋಡಲು ಅವನಿಗೆ ಯಾವ ಕಂಬವೂ ಸಿಗಲಿಲ್ಲ.

"ನೀನು... ನಡೀತೀಯಾ?"

"ಆಗಲೇ ನಡೀಬಹುದಿತ್ತು," ಎಂದಳು ಅವಳು. "ಕೇಳು ಅವಳನ್ನ."

ಅವನು ಕೇಳಿದ. ಡಾಕ್ಟರಮ್ಮ ಆಗ ಎಲ್ಲವನ್ನೂ ಹೇಳಿದಳು. ಅಳುತ್ತ ಹೇಳಿದಳು, ಗಟ್ಟಿಯಾಗಿ ಹೇಳಿದಳು, ಕತ್ತರಿಸಿದ ಪಟ್ಟಿಯ ಎರಡು ತುಂಡುಗಳನ್ನು ಒಂದಕ್ಕೊಂದು ಒತ್ತಿ ಹಿಡಿದುಕೊಂಡು ಮತ್ತೆ ಮತ್ತೆ ಹೇಳಿದಳು. ಗಂಟುಗಳು ಹಾಗೆಯೇ ಇದ್ದವು.

ದೊಡ್ಡ ಆಸ್ಪತ್ರೆಯವರು ಅವಳ ಬೆನ್ನಿನ ಚಿತ್ರಗಳನ್ನು ದೀಪಕ್ಕೆ ಹಿಡಿದು ನೋಡಿ, ಎಲ್ಲ ಸರಿಯಾಗಿದೆಯಲ್ಲ ಎಂದರು. ಸಾಹುಕಾರ ಅವಳನ್ನು ನೋಡಿಕೊಳ್ಳಲು ಒಬ್ಬಳನ್ನು ಗೊತ್ತುಮಾಡಿ ತಾನು ಷೋರೂಮಿನ ಮೇಲಿನ ಕೋಣೆಗೆ ವಾಸ ಬದಲಿಸಿದ. ಮೊದಲನೆಯವಳು ಅವನನ್ನು ಮನೆಗೆ ಸೇರಿಸಲಿಲ್ಲ.

ಡಾಕ್ಟರಮ್ಮ ಮತ್ತೆ ಎದ್ದು ನಿಲ್ಲಲಿಲ್ಲ.