ಒಳಮಗ್ಗಲಿನ ನವಿಲುಬಣ್ಣ

"ಇದಕ್ಕ ಕತ್ತರಿ ಹಾಕ್ದವರು ಯಾರು?"

ಆ ದನಿಗೆ ಕೊಪ್ಪಳದ ಮಹಿಳಾ ಸಂಘದ ಮಾರಾಟ ಮೇಳಕ್ಕೆ ಬಂದವರೆಲ್ಲ ತಿರುಗಿ ನೋಡಿದರು.

ಶಾಯಿಸ್ತಾ ಆಗ ತನ್ನ ಟೇಬಲ್ ಮುಂದಿದ್ದ ಹೆಂಗಸರಿಗೆ ಜೋಡಿ ತಪ್ಪಿದ ಬಳೆಗೆ ಹಳೆ ಸೀರೆಯ ಅಂಚು ಸುತ್ತುವುದನ್ನು ತೋರಿಸುತ್ತಿದ್ದಳು. ಹರಿದ ಜೀನ್ಸಿನ ಜೇಬು ಅವಳ ಕೈಯಲ್ಲಿ ಮೊಬೈಲ್ ಚೀಲವಾಗಿತ್ತು. ತುಂಡಾದ ಸರದ ಮಣಿಗಳು ಕುಪ್ಪಸದ ಗುಂಡಿಯಾಗಿದ್ದವು. ಮನೆಯಲ್ಲಿ ಮೂಲೆಗೆ ಬಿದ್ದದ್ದೆಲ್ಲ ಇಲ್ಲಿ ಹೊಸದಾಗಿ ನಗುತ್ತಿತ್ತು.

ಅವಳು ತಲೆ ಎತ್ತಿದಳು. ಮೂವತ್ತರ ಆಸುಪಾಸಿನ ಒಬ್ಬ ಯುವಕ. ಹ್ಯಾಂಗರಿಗೆ ತೂಗುಹಾಕಿದ್ದ ಬೂದಿಬಣ್ಣದ ಜಾಕೆಟ್ಟಿನ ತೋಳನ್ನು ಕಾಯಿಲೆಯವರ ಕೈ ಹಿಡಿದ ಹಾಗೆ ಹಿಡಿದುಕೊಂಡಿದ್ದ.

"ನಾನೇ ರೀ... ಯಾಕ?"

"ಇದು ಶೇರ್ವಾನಿ ಆಗಿತ್ತು! ಮೊಣಕಾಲ ತನಕ ಇತ್ತು!"

"ಹೌದ್ರಿ. ಮಾರೆವ್ವ ಕೊಟ್ಟ ಗಂಟಿನ್ಯಾಗ ಸಿಕ್ತು."

ಮಾರೆವ್ವ ಅಂದರೆ ಊರೂರು ತಿರುಗಿ, ಹಳೆ ಬಟ್ಟೆ ಪಡೆದು ಬದಲಿಗೆ ಸ್ಟೀಲ್ ಪಾತ್ರೆ ಕೊಡುವವಳು. ಅವಳು ತಂದ ಗಂಟುಗಳಿಂದ ಶಾಯಿಸ್ತಾ ತನಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಿದ್ದಳು.

ಯುವಕ ಕಣ್ಣು ಮುಚ್ಚಿ ತೆರೆದ. "ಕುಷ್ಟಗಿಯೊಳಗ ನಮ್ಮ ಫೂಫಿ, ಅಬ್ಬಾನ ತಂಗಿ, ಒಂದು ಡಬ್ಬಿ ಆಸೆಗೆ ಟ್ರಂಕಿನ ಗಂಟು ಬಿಚ್ಚಿನೂ ನೋಡದ ಕೊಟ್ಟುಬಿಟ್ಟಾರ. ಅದನ್ನ ಹುಡುಕ್ಕೊಂತ ಇಲ್ಲಿ ತನಕ ಬಂದೀನಿ. ಇದು ನಮ್ಮ ಅಬ್ಬಾ ತಮ್ಮ ನಿಕಾಹಕ್ಕ ತಾವೇ ಹೊಲ್ಕೊಂಡಿದ್ದು ರೀ. ಮೂವತ್ನಾಲ್ಕು ವರ್ಷದ ಹಿಂದ."

ಶಾಯಿಸ್ತಾಳ ಕೈಯಿಂದ ಬಳೆ ಜಾರಿತು. ಯಾ ಅಲ್ಲಾ... ನಾನೇನು ಮಾಡಿಬಿಟ್ಟೆ!

ಅವಳು ಜಾಕೆಟ್ಟನ್ನು ಇಳಿಸಿ ಎರಡೂ ಕೈಯಲ್ಲಿ ಅವನ ಮುಂದೆ ಹಿಡಿದಳು. "ತಗೊಳ್ರಿ. ನಿಮ್ದ ಇದು."

"ಇದನ್ನ ಒಯ್ದು ಏನ್ ಮಾಡ್ಲಿ?" ಅವನ ದನಿ ಇಳಿಯಿತು. "ಅಬ್ಬಾನ ಕಣ್ಣಿಗೆ ಪೊರಿ ಬಂದು ಮೂರು ವರ್ಷ ಆತು. ನನ್ನ ಮಾರಿನೂ ಸರಿ ಕಾಣಂಗಿಲ್ಲ. ಬುಧವಾರ ಇಲ್ಲೇ ಕೊಪ್ಪಳದಾಗ ಆಪರೇಷನ್. ಗುರುವಾರ ಪಟ್ಟಿ ಬಿಚ್ತಾರ. ಕಣ್ಣು ಬಿಟ್ಟ ಕೂಡ್ಲೆ ನೀ ಆ ಶೇರ್ವಾನಿ ಹಾಕ್ಕೊಂಡು ನನ್ನೆದುರಿಗೆ ನಿಂದ್ರು ಅಂದಾರ. ಕೇಳಿದಾಗೊಮ್ಮೆ ಇಸ್ತ್ರಿಗೆ ಕೊಟ್ಟೀನಿ ಅಂತ ಸುಳ್ಳು ಹೇಳಾಕತ್ತೀನಿ."

ಅಂದು ಶನಿವಾರ. ಶಾಯಿಸ್ತಾ ಬೆರಳು ಮಡಚಿ ಎಣಿಸಿದಳು.

"ಕತ್ತರಿಸಿದವಳು ನಾನು. ಕೂಡಿಸೂದೂ ನಾನೇ. ಬುಧವಾರದ ತನಕ ಟೈಮ್ ಕೊಡ್ರಿ."

"ಕತ್ತರಿಸಿದ್ದು ಮತ್ತ ಬೆಳೀತೈತೇನ್ರಿ? ಕೂದಲೇನು ಅದು?"

ಪಕ್ಕದಲ್ಲಿದ್ದ ಹೆಂಗಸೊಬ್ಬಳು ಕಿಸಕ್ಕನೆ ನಕ್ಕಳು. ಅವನಿಗೆ ನಾಚಿಕೆಯಾಯಿತು. ಶಾಯಿಸ್ತಾಳಿಗೆ ಮಾತ್ರ ಕಣ್ಣು ತುಂಬಿತು. ಅದನ್ನು ಕಂಡವನೇ ಅವನು ತಬ್ಬಿಬ್ಬಾದ.

"ಅಳಬ್ಯಾಡ್ರಿ... ನಾ ಬೈಯಾಕ ಬಂದವನಲ್ಲ. ನನ್ನ ಹೆಸರು ಮುನವ್ವರ. ಟೇಲರ್ ಅದೀನಿ. ಅದಕ್ಕ ಹೊಟ್ಟಿ ಉರೀತು, ಅಷ್ಟ."

* * *

ಶೇರ್ವಾನಿಯ ಕೆಳಗಿನ ಅರ್ಧದಿಂದ ಶಾಯಿಸ್ತಾ ಎರಡು ಕೈಚೀಲ ಹೊಲಿದಿದ್ದಳು. ಒಂದು ಟೇಬಲ್ ಮೇಲೆಯೇ ಇತ್ತು. ಇನ್ನೊಂದನ್ನು ಬೆಳಿಗ್ಗೆಯೇ ಯಲಬುರ್ಗಾದ ಸುನಿತಾ ಟೀಚರ್ ಕೊಂಡು ಹೋಗಿದ್ದರು.

ಭಾನುವಾರ ಇಬ್ಬರೂ ಯಲಬುರ್ಗಾದ ಬಸ್ಸು ಹತ್ತಿದರು. ಅವಳು ಮುಂದೆ, ಅವನು ಎರಡು ಸೀಟು ಹಿಂದೆ. ಹತ್ತಿಯ ಹೊಲಗಳ ಕಪ್ಪು ಮಣ್ಣು ಕಿಟಕಿಯುದ್ದಕ್ಕೂ ಓಡುತ್ತಿತ್ತು. ಹಿಂದಿನಿಂದ ಅವನ ಕಣ್ಣು ತನ್ನ ಹೆಗಲ ಚೀಲದ ಮೇಲಿದೆ ಎಂದು ಅವಳಿಗೆ ಗೊತ್ತಾಗುತ್ತಲೇ ಇತ್ತು. ಇನ್ನೂ ಸಿಟ್ಟಿರಬೇಕು, ಪಾಪ...

ಬಸ್ಸಿಳಿದಾಗ ಅವನೇ ಹೇಳಿದ. "ಚೀಲದ ಮೂಲಿ ಭಾಳ ಛಲೋ ತಿರುವೀರಿ. ಯಾರು ಕಲಿಸಿದ್ರು?"

"ಯಾರೂ ಇಲ್ರಿ. ಹರಿದದ್ದನ್ನ ನೋಡಿ ನೋಡಿ ಕಲ್ತೆ."

ಅವನು ತಿರುಗಿ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ!

ಸುನಿತಾ ಟೀಚರ್ ಕಥೆ ಕೇಳಿ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಚೀಲದೊಳಗಿನ ಉತ್ತರ ಪತ್ರಿಕೆ, ಚಪಾತಿ ಡಬ್ಬಿ ಎಲ್ಲ ತೆಗೆದು ಮಂಚಕ್ಕೆ ಸುರಿದರು.

"ಅಯ್ಯ ನಮ್ಮವ್ವ, ಯಾರದೋ ಲಗ್ನದ ಅಂಗಿಯೊಳಗ ನಾ ಚಪಾತಿ ಡಬ್ಬಿ ಇಟ್ಟಿದ್ದೆನಲ್ಲ! ಒಯ್ರಿ, ಒಯ್ರಿ. ನನಗ ನನ್ನ ಹಳೆ ಸೀರೀದ ಇನ್ನೊಂದು ಹೊಲಕೊಡು, ಸಾಕು."

* * *

ಸೋಮವಾರ ಮುನವ್ವರ ತನ್ನ ಫೂಫಿ ಹಜರತಬೀಯವರನ್ನು ಕರೆದುಕೊಂಡು ಗಂಗಾವತಿಯ ಶಾಯಿಸ್ತಾಳ ಮನೆಗೆ ಬಂದ. ತಪ್ಪು ತನ್ನದೆಂದು ಕೊರಗುತ್ತಿದ್ದ ಆ ಅತ್ತೆ, ಶಾಯಿಸ್ತಾಳ ಅಮ್ಮಿಯ ಪಕ್ಕ ಕೂತು ಸುಮ್ಮನೆ ಅಕ್ಕಿ ಆರಿಸತೊಡಗಿದರು.

ಶಾಯಿಸ್ತಾ ಕಿಟಕಿಯ ಬಳಿ ಚಾಪೆ ಹಾಸಿ ಕೂತಳು. ಜಾಕೆಟ್, ಎರಡು ಚೀಲ. ಸಣ್ಣ ಬ್ಲೇಡು ಹಿಡಿದು ಒಳಗಿನ ಬಿಳಿ ಅಸ್ತರನ್ನು ಬಿಚ್ಚತೊಡಗಿದಳು. ಒಂದೊಂದೇ ಹೊಲಿಗೆ. ಮೇಳಕ್ಕೆ ತಯಾರಾಗುವ ಅವಸರದಲ್ಲಿ ಅವತ್ತು ಅವಳು ಅಸ್ತರು ಬಿಚ್ಚಿರಲಿಲ್ಲ. ಹೊರಗಿಂದಲೇ ಕತ್ತರಿಸಿ, ಅಂಚಿಗೆ ಪಟ್ಟಿ ಹಚ್ಚಿ ಮುಗಿಸಿದ್ದಳು.

ಅಸ್ತರು ಕಳಚಿತು.

ಅವಳ ಕೈ ನಿಂತುಬಿಟ್ಟಿತು.

ಬೂದಿಬಣ್ಣ ಎಲ್ಲಿತ್ತು? ಬಟ್ಟೆಯ ಒಳಮಗ್ಗಲು ಪೂರ್ತಿ ನವಿಲಿನ ಕೊರಳಿನ ಬಣ್ಣ! ಮೂವತ್ನಾಲ್ಕು ವರ್ಷ ಬಿಸಿಲು ಕಾಣದ, ಗಾಳಿ ಸೋಕದ ಬಣ್ಣ. ಕಿಟಕಿಯ ಬೆಳಕು ತಾಗಿದ್ದೇ ತಡ, ಒಮ್ಮೆ ನೀಲಿಯಾಗಿ, ಮಗ್ಗಲು ಬದಲಿಸಿದರೆ ಹಸಿರಾಗಿ ಹೊಳೆಯಿತು. ಅವಳ ಅಂಗೈಯ ಮೇಲೂ ಅದರ ನೆರಳು ಬಿತ್ತು.

ಅಕ್ಕಿಯ ಮೊರದ ಸದ್ದು ನಿಂತಿತು.

"ಅಬ್ಬಾ ಯಾವಾಗ್ಲೂ ನವಿಲುಬಣ್ಣದ ಶೇರ್ವಾನಿ ಅಂತಿದ್ರು..." ಮುನವ್ವರ ಬಗ್ಗಿ ಆ ಬಟ್ಟೆ ಮುಟ್ಟಿದ. "ನಾ ಹುಟ್ಟಿದಾಗಿಂದ ನೋಡಿದ್ದು ಬೂದಿಬಣ್ಣ. ಕಣ್ಣು ಮಂಜಾಗೈತಿ, ಅದಕ್ಕ ಹಂಗ ಅಂತಾರ ಅಂದ್ಕೊಂಡು ನಕ್ಕಿದ್ದೆ. ಅವರಿಗೇ ಸರಿ ಕಾಣ್ತಿತ್ತು ನೋಡ್ರಿ!"

ಹಜರತಬೀ ಸೆರಗಿನಿಂದ ಕಣ್ಣೊತ್ತಿಕೊಂಡರು. "ಹಿಂಗ ಇತ್ತು ಬೇಟಾ. ಥೇಟ್ ಹಿಂಗ. ನಮ್ಮಣ್ಣ ಇದನ್ನ ಹಾಕ್ಕೊಂಡು ಬಂದಾಗ ಭಾಬಿ, ನಿನ್ನ ಅಮ್ಮಿ, ಪರದೆ ಸಂದಿಯಿಂದ ನೋಡಿ ನಕ್ಕಿದ್ಲು."

ಶಾಯಿಸ್ತಾ ಪಕ್ಕದ ಹೊಲಿಗೆ ಬಿಚ್ಚಿದಳು. ಇನ್ನೊಂದು ಅಚ್ಚರಿ. ಒಳಗೆ ಮಡಚಿಟ್ಟ ಹೆಚ್ಚಿನ ಬಟ್ಟೆ, ಎರಡು ಬೆರಳಿನಷ್ಟು ಅಗಲ. ಬೆನ್ನಲ್ಲಿ, ತೋಳಲ್ಲಿ, ಅಂಚಿನಲ್ಲಿ... ಎಲ್ಲಾ ಕಡೆ!

"ಇಷ್ಟ್ಯಾಕ ಬಿಟ್ಟಾರ್ರಿ? ಎಲ್ಲಾರೂ ಅರ್ಧ ಬೆರಳು ಬಿಡ್ತಾರ."

"ಅಬ್ಬಾನ ಕೆಲಸ ಹಿಂಗ ರೀ. ಗಿರಾಕಿ ದಪ್ಪ ಆದ್ರ ಬಿಚ್ಚಿ ದೊಡ್ಡದು ಮಾಡಬೇಕು, ಮಗ ಬೆಳೆದ್ರ ಅವಗೂ ಆಗಬೇಕು ಅಂತಿದ್ರು. ಅಂಗಿ ಇವತ್ತಿಗಷ್ಟ ಅಲ್ಲ, ಮುಂದ ಯಾರಿಗೆ ಬೇಕಾಗ್ತೈತೋ ಅಂತ. ರೆಡಿಮೇಡ್ ಅಂಗಡಿ ಬಂದ ಮ್ಯಾಲ ಯಾರು ಬಿಚ್ಚಿ ನೋಡ್ತಾರ ಹೇಳ್ರಿ."

ಶಾಯಿಸ್ತಾ ಆ ಮಡಿಕೆಯ ಮೇಲೆ ಬೆರಳಾಡಿಸಿದಳು. ಕಾಣದವರಿಗಾಗಿ, ಕಾಣದ ಜಾಗದಲ್ಲಿ, ಇಷ್ಟೊಂದು ಬಿಟ್ಟಿಟ್ಟಿದ್ದ ಆ ಮನುಷ್ಯ ಎಂಥವನಿರಬೇಕು! ನಾನು ಬಿಚ್ಚಿ ನೋಡದೆ ಕತ್ತರಿಸಿಬಿಟ್ಟೆನಲ್ಲ...

"ತಿರುವಿ ಹೊಲಿಯೂಣು," ಎಂದಳು ತಟ್ಟನೆ. "ಒಳಮಗ್ಗಲು ಹೊರಗ. ಕತ್ತರಿಸಿದ ಜಾಗ ನಡುವಿಗೆ ಬರ್ತೈತಿ. ಈ ಹೆಚ್ಚಿನ ಬಟ್ಟಿ ಪಟ್ಟಿ ಮಾಡಿ ಅದರ ಮ್ಯಾಲ ಕೂಡಿಸಿದ್ರ, ನಡುಪಟ್ಟಿ ಅಂತ ತಿಳೀತಾರ."

ಮುನವ್ವರ ಅವಳನ್ನೇ ನೋಡುತ್ತಾ ನಿಂತ. ಆಮೇಲೆ ಟೇಲರನ ಬುದ್ಧಿ ಎಚ್ಚರವಾಯಿತು. "ಆದ್ರ ತಿರುವಿದ್ರ ಗುಂಡಿ ಆ ಬದಿ ಹೋಗ್ತಾವಲ್ರಿ. ಗಂಡಸರ ಅಂಗಿಗೆ ಬಲಕ್ಕ ಗುಂಡಿ. ಇದು ಎಡಕ್ಕ ಬರ್ತೈತಿ, ಹೆಣ್ಮಕ್ಕಳದರ ಹಂಗ."

"ಗುಂಡಿ ಹಾಕೂ ಹಳೆ ಕಾಜ ಮುಚ್ಚಿದ್ರ ಗುರುತು ಉಳೀತೈತಿ. ಇದ್ದಂಗ ಇರ್ಲಿ. ಕಣ್ಣು ಆಗಷ್ಟ ಬಂದವರು ಅದನ್ನೆಲ್ಲಾ ನೋಡ್ತಾರೇನು?"

"ನಮ್ಮ ಅಬ್ಬಾ ನಿಮಗ ಗೊತ್ತಿಲ್ಲ," ಎಂದು ನಕ್ಕ. ಮೊದಲ ಸಲ ನಕ್ಕಿದ್ದ. ಶಾಯಿಸ್ತಾಳ ಎದೆಯಲ್ಲೂ ಯಾವುದೋ ಹೊಲಿಗೆ ಮೆಲ್ಲಗೆ ಬಿಚ್ಚಿಕೊಂಡಂತಾಯಿತು.

ಅಳತೆ ತೆಗೆಯಲು ಅವಳು ಟೇಪು ಹಿಡಿದು ಅವನ ಹಿಂದೆ ನಿಂತಳು. ಭುಜದಿಂದ ಭುಜಕ್ಕೆ. ಅವನು ಉಸಿರು ಬಿಗಿಹಿಡಿದಿದ್ದ.

"ಉಸಿರು ಬಿಡ್ರಿ, ಇಲ್ಲಂದ್ರ ಅಳತಿ ತಪ್ತೈತಿ."

"ಬಿಟ್ರ ಭಾಳ ತಪ್ತೈತಿ ರೀ," ಎಂದ ಮೆಲ್ಲಗೆ.

ಅವಳ ಕೆನ್ನೆ ಬಿಸಿಯಾಯಿತು!

ಅಷ್ಟರಲ್ಲಿ ಹಜರತಬೀ ಹೇಳಿದರು. "ಸರಿ ಅಳತಿ ತಗೋ ಬೇಟಿ. ಇವನ ನಿಕಾಹಕ್ಕೂ ಇದನ್ನ ಹಾಕೋದು. ನಮ್ಮಣ್ಣನ ಹಟ ಅದು."

ಟೇಪು ಕೈಯಿಂದ ಜಾರಿತು.

ನಿಕಾಹ... ಹಾಗಾದರೆ ಹುಡುಗಿ ಗೊತ್ತಾಗಿದೆ. ಮುನವ್ವರ ನಾಚಿ ತಲೆ ತಗ್ಗಿಸಿದ್ದನ್ನು ಅವಳು ಕಂಡಳು. ಮದುಮಗನ ನಾಚಿಕೆ! ಹುಚ್ಚಿ ನಾನು... ಬಟ್ಟೆಗಾಗಿ ಬಂದವನು, ನನಗಾಗಿ ಅಲ್ಲ.

"ಹದಿನೆಂಟು," ಎಂದು ಅಳತೆ ಬರೆದುಕೊಂಡಳು. ಆಮೇಲೆ ಅವನ ಕಣ್ಣು ತಪ್ಪಿಸಿಯೇ ಮಾತಾಡಿದಳು.

* * *

ಎರಡು ದಿನ ಅವಳ ಮೆಷಿನ್ ನಿಲ್ಲಲಿಲ್ಲ. ಬುಧವಾರ ಬೆಳಿಗ್ಗೆ ಅವಳೇ ಫೋನು ಮಾಡಿದಳು.

"ತಯಾರಾಗೈತಿ. ಕೊಪ್ಪಳ ಬಸ್ಸಿನ ಕಂಡಕ್ಟರ್ ಕೈಯಾಗ ಕೊಟ್ಟೀನಿ. ಸ್ಟ್ಯಾಂಡಿನ್ಯಾಗ ಇಸ್ಕೊಳ್ರಿ."

"ನೀವು ಬರಂಗಿಲ್ಲೇನು? ಅಬ್ಬಾ ನೋಡೂದನ್ನ ನೀವು ನೋಡಬೇಕ್ರಿ..."

"ಕೆಲಸ ಐತ್ರಿ." ಫೋನು ಇಟ್ಟಳು. ಕತ್ತರಿ, ದಾರ, ಟೇಪು ಎಲ್ಲವೂ ಅವಳೆದುರಿಗೇ ಇದ್ದವು. ಕೆಲಸ ಮಾತ್ರ ಒಂದೂ ಇರಲಿಲ್ಲ.

* * *

ಗುರುವಾರ ಮುಂಜಾನೆ. ಕೊಪ್ಪಳದ ಕಣ್ಣಿನ ಆಸ್ಪತ್ರೆ.

ಮುನವ್ವರನ ಅಬ್ಬಾ ಇಬ್ರಾಹಿಂಸಾಬರ ಕಣ್ಣಿನ ಪಟ್ಟಿ ಬಿಚ್ಚಿ ನರ್ಸು ಪಕ್ಕಕ್ಕೆ ಸರಿದಳು. ಮುದುಕ ಒಮ್ಮೆ ಕಣ್ಣು ಪಿಳುಕಿಸಿದರು. ಎದುರಿಗೆ ಮಗ. ಮೈತುಂಬ ನವಿಲುಬಣ್ಣ.

ಅವರು ದಿಂಬಿನಿಂದ ಎದ್ದು ಮುಂದಕ್ಕೆ ಬಾಗಿದರು. "ಇದು ನಾ ಹೊಲಿದ ದಿನದ ಬಣ್ಣ..." ಎಂದರು. "ಮಾಸಿತ್ತಲ್ಲೋ! ಅಲ್ಲಾಹನ ಕುದ್ರತ್ತೇನೋ, ಪವಾಡೇನೋ ಇದು?"

ಅವರ ಕೈ ಮಗನ ಎದೆಯ ಮೇಲೆ ಹರಿದಾಡಿತು. ಗುಂಡಿಗೆ ಬಂದು ನಿಂತಿತು. ಹುಬ್ಬು ಮೇಲೇರಿತು.

"ಗುಂಡಿ ಎಡಕ್ಕ ಅದಾವ. ತಿರುವಿ ಹೊಲದಾರ!"

ಇನ್ನು ಸುಳ್ಳು ಹೇಳುವ ಶಕ್ತಿ ಮುನವ್ವರನಲ್ಲಿ ಇರಲಿಲ್ಲ. ಡಬ್ಬಿಗೆ ಹೋದ ಗಂಟಿನಿಂದ ಚಪಾತಿ ಚೀಲದ ತನಕ ಎಲ್ಲವನ್ನೂ ಹೇಳಿಬಿಟ್ಟ. ಹಜರತಬೀ ತಲೆ ತಗ್ಗಿಸಿ ನಿಂತರು.

ಇಬ್ರಾಹಿಂಸಾಬರು ನಡುಪಟ್ಟಿಯ ಅಂಚನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಒಂದು ಎಳಿ ಹರೀದಂಗ ಬಿಚ್ಯಾಳಲ್ಲೋ! ನಾ ಒಳಗ ಬಿಟ್ಟಿದ್ದ ಬಟ್ಟಿ ಮೂವತ್ನಾಲ್ಕು ವರ್ಷ ಯಾರೂ ಹುಡುಕಲಿಲ್ಲ. ಈ ಹುಡುಗಿ ಹುಡುಕ್ಯಾಳ. ಎಲ್ಲಿ ಅದಾಳಕಿ?"

"ಬರಲಿಲ್ಲ ಅಬ್ಬಾ." ಮುನವ್ವರ ಶೇರ್ವಾನಿಯ ಜೇಬಿನಿಂದ ಮಡಚಿದ ಚೀಟಿ ತೆಗೆದ. "ಇದು ಇತ್ತು."

'ನಿಮ್ಮ ನಿಕಾಹ ಚೆನ್ನಾಗಿ ಆಗಲಿ. ಹುಡುಗಿಗೆ ನನ್ನ ಸಲಾಂ ಹೇಳಿ.'

"ಯಾವ ಹುಡುಗಿ?" ಮುದುಕರ ಹೊಸ ಕಣ್ಣು ದೊಡ್ಡದಾಯಿತು. "ನನಗ ಹೇಳದ ಯಾವ ಹುಡುಗಿ ನೋಡೀಯೋ?"

"ನೋಡಿದ್ದು ಒಬ್ಬಾಕಿನ್ನ ಅಬ್ಬಾ... ಈ ಚೀಟಿ ಬರದಾಕಿನ್ನ. ಇನ್ನೂ ಕೇಳಿಲ್ಲ."

ಇಬ್ರಾಹಿಂಸಾಬರು ತಲೆದಿಂಬಿನ ಕೆಳಗೆ ಕೈ ಹಾಕಿ, ತೀರಿಹೋದ ಹೆಂಡತಿ ನಿಕಾಹದ ದಿನ ತಲೆಗೆ ಹೊದ್ದಿದ್ದ ಓಢಣಿ ತೆಗೆದು ಮಗನ ಕೈಗಿಟ್ಟರು.

"ಮತ್ತ ಇಲ್ಲ್ಯಾಕ ನಿಂತೀ? ಗಂಗಾವತಿ ಬಸ್ಸು ನಿನ್ನ ಸಲುವಾಗಿ ಕಾಯ್ತೈತೇನು?"

* * *

ಮಧ್ಯಾಹ್ನದ ಬಿಸಿಲು. ಬಾಗಿಲಲ್ಲಿ ನೆರಳು ಬಿದ್ದಿತೆಂದು ಶಾಯಿಸ್ತಾ ತಲೆ ಎತ್ತಿದಳು.

ನವಿಲುಬಣ್ಣ! ಬೆವರಿನಿಂದ ತೊಯ್ದ ಹಣೆ, ಕತ್ತಿನ ತನಕ ಹಾಕಿದ ಗುಂಡಿ. ಆ ಸೆಕೆಯಲ್ಲಿ ಶೇರ್ವಾನಿ ತೊಟ್ಟೇ ಬಸ್ಸಿನಲ್ಲಿ ಬಂದಿದ್ದಾನೆ! ಅವಳು ಎದ್ದು ನಿಂತಳು. ಬೆರಳಲ್ಲಿದ್ದ ಸೂಜಿ ಹಾಗೇ ಇತ್ತು.

"ಬಸ್ಸಿನ ತುಂಬ ಮಂದಿ ನಿಕಾಹ ಯಾವಾಗ ಅಂತ ಕೇಳಿದ್ರು," ಎಂದ ಮುನವ್ವರ. "ಹುಡುಗಿನ್ನ ಕೇಳಿ ಹೇಳ್ತೀನಿ ಅಂದೆ."

"ಕೇಳ್ರಿ ಮತ್ತ... ಇಲ್ಲಿಗ್ಯಾಕ ಬಂದ್ರಿ?"

"ಕೇಳಾಕ ಬಂದೀನಿ."

ಅಕ್ಕಿಯ ಮೊರದ ಸದ್ದು ನಿಂತಿತು. ಅಮ್ಮಿ ಮೆಲ್ಲಗೆ ಎದ್ದು ಒಳಗೆ ಹೋದರು.

ಬೇರೆ ಹುಡುಗಿ ಯಾರೂ ಇರಲೇ ಇಲ್ಲ... ಇರಲೇ ಇಲ್ಲ!

ಅವನು ಓಢಣಿ ಬಿಚ್ಚಿ ಅವಳ ಮುಂದೆ ಹಿಡಿದ. ಮಾಸಿದ ಗುಲಾಬಿ, ಅಂಚಿಗೆ ಕಪ್ಪಾದ ಜರಿಪಟ್ಟಿ, ಗೋಟಾ.

"ನಮ್ಮ ಅಮ್ಮೀದು. ಇದಕ್ಕ ಕತ್ತರಿ ಹಾಕ್ರಿ. ನಿಕಾಹಕ್ಕ ಅಂಗಿ ಹೊಲೀರಿ."

ಅವತ್ತು ಮೇಳದಲ್ಲಿ ಗುಡುಗಿದ ಬಾಯಿ ಇದೇನಾ? ಶಾಯಿಸ್ತಾಳ ಕಣ್ಣು ತುಂಬಿ ಬಂತು.

"ಬಿಚ್ಚಿ ನೋಡದ ನಾ ಇನ್ನ ಮ್ಯಾಲ ಏನೂ ಕತ್ತರಿಸೂದಿಲ್ಲ. ಮೊದ್ಲ ಒಳಗೇನೈತಿ ನೋಡ್ತೀನಿ."

"ನೋಡ್ರಿ," ಎಂದ. ಅವನು ಓಢಣಿಯತ್ತ ನೋಡುತ್ತಿರಲಿಲ್ಲ.

ಅವಳು ಗೋಟಾದ ಒಂದು ಹೊಲಿಗೆ ಬಿಚ್ಚಿದಳು. ಅದರಡಿಯಲ್ಲಿ ಹೊಚ್ಚ ಹೊಸ ಗುಲಾಬಿ ಕಾದು ಕುಳಿತಿತ್ತು.

"ಅಳತಿ ಯಾರದು?" ಕೇಳಿದಳು, ತಲೆ ಎತ್ತದೆ.

"ನಿಮ್ದ."

"ಒಳಗ ಎಷ್ಟು ಬಿಡ್ಲಿ?"

"ಅಬ್ಬಾ ಬಿಟ್ಟಷ್ಟ."

ಅವಳು ಅಂಚಿನ ಮೇಲೆ ಎರಡು ಬೆರಳಿಟ್ಟಳು. ಅವನು ಅವುಗಳ ಪಕ್ಕದಲ್ಲೇ ತನ್ನ ಎರಡು ಬೆರಳಿಟ್ಟ.

"ನಾಲ್ಕು ಆತಲ್ರಿ," ಎಂದಳು.

"ಇರ್ಲಿ ಬಿಡ್ರಿ. ಮುಂದ ಬೇಕಾಗ್ತೈತಿ."